ಖಾಲಿ ಹಾಳೆಗೆ ಒತ್ತಿದ ಹೆಬ್ಬೆಟ್ಟು

ನಮ್ಮ ಅಯಲ್‌ಕೂಟದಲ್ಲಿ ಸಹಿ ಮೊದಲು, ತೀರ್ಮಾನ ಆಮೇಲೆ. ನಗಬೇಡಿ. ಅಯಲ್‌ಕೂಟ ಅಂದರೆ ಅಕ್ಕಪಕ್ಕದ ಮನೆಯವರ ಸಭೆ. ಬಾವಲಿ ಚೆಕ್‌ಪೋಸ್ಟಿನಿಂದ ಈಚೆಗೆ, ಕೇರಳದ ಬದಿಯಲ್ಲಿ ಕಾಡಿಗಂಟಿಕೊಂಡಿರುವ ನಮ್ಮ ನಲವತ್ತು ಮನೆಗಳವರು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಮೂರಕ್ಕೆ ಅಂಗನವಾಡಿಯ ಜಗಲಿಯಲ್ಲಿ ಸೇರುತ್ತೇವೆ. ನಾಲ್ಕೂವರೆಗೆ ಡೈರಿಗೆ ಹಾಲು ಹಾಕಬೇಕು. ಮಾತು ಒಂದು ಹದಕ್ಕೆ ಬರುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಾರೆ. ಅದಕ್ಕೇ ಬಂದವರು ಬಂದ ಹಾಗೆ ಪುಸ್ತಕದ ಬಲಗಡೆ ಹಾಳೆಯಲ್ಲಿ ಸಹಿ ಹಾಕಿ ಕೂರುವುದು, ಎಡಗಡೆಯದನ್ನು ಖಾಲಿ ಬಿಡುವುದು. ತೀರ್ಮಾನವನ್ನು ಕನ್ವೀನರ್ ಸಂಜೆ ಮನೆಯಲ್ಲಿ ಕೂತು ಅಲ್ಲಿ ಬರೆಯುತ್ತಾಳೆ.

ಕನ್ವೀನರ್ ಅಂದರೆ ನನ್ನ ಗೆಳತಿ. ಒಂದೇ ಬೆಂಚಿನಲ್ಲಿ ಕೂತು ಮಲಯಾಳ ಕಲಿತವರು ನಾವು, ಕ್ಲಾಸಿನಲ್ಲಿ ಕನ್ನಡ ಪಿಸುಗುಟ್ಟಿ ಒಟ್ಟಿಗೆ ಬೈಸಿಕೊಂಡವರು. ಆಫೀಸಿಗೆ ಹೋಗುವ ಕಾಗದ ಮಲಯಾಳದಲ್ಲಿರಬೇಕು, ಅವಳ ಅಕ್ಷರವೋ ಅಚ್ಚು ಹಾಕಿದ ಹಾಗೆ. ಅವಳು ಬರೆದದ್ದನ್ನು ಮುಂದಿನ ತಿಂಗಳು ಓದಲು ಬಾರದ ಹಿರಿಯರಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಬಾವಿಯ ಹೂಳು ತೆಗೆಸಿದ್ದು, ತಿರುವಿಗೆ ದೀಪ ಹಾಕಿಸಿದ್ದು, ಬಸ್ಸನ್ನು ನಮ್ಮ ಹತ್ತಿರ ನಿಲ್ಲಿಸುವಂತೆ ಮಾಡಿದ್ದು ಎಲ್ಲ ಈ ಪುಸ್ತಕದಿಂದಲೇ. ಹತ್ತು ಹನ್ನೆರಡು ವರ್ಷದಲ್ಲಿ ಆಡಿದ್ದೊಂದು ಬರೆದದ್ದೊಂದು ಅಂತ ಒಂದು ಸಲವೂ ಆಗಿರಲಿಲ್ಲ. ನಾನು ಯಾಕೆ ಅನುಮಾನ ಪಡಬೇಕಿತ್ತು, ಹೇಳಿ?

ಆನೆಗಳ ಕಾಟ ಹೆಚ್ಚಾಗಿ, ಕೊನೆಗೂ ಸೋಲಾರ್ ಬೇಲಿ ಮಂಜೂರಾಯಿತು. ಬೇಲಿ ಎಲ್ಲಿ ಹೋಗಬೇಕು ಅಂತ ಊರಿನವರೇ ನಡೆದು ನೋಡಿ, ತೀರ್ಮಾನ ಬರೆದು ಕೊಡಿ, ಬರೆದ ಕಡೆ ಕಂಬ ನೆಡುತ್ತೇವೆ ಎಂದರು ಪಂಚಾಯತ್ತಿನವರು. ನಮ್ಮ ಗದ್ದೆಗಳಿಗೂ ಕಾಡಿಗೂ ನಡುವೆ ಒಂದು ತೋಡು ಹರಿಯುತ್ತದೆ, ಸಣ್ಣ ಹಳ್ಳ. ನಮ್ಮ ಮನೆಗಳೆಲ್ಲ ಅದರ ಈಚೆಗೆ. ಆಚೆಗಿರುವುದು ಮೂರೇ ಮನೆ. ನಾವೆಲ್ಲ ಬರುವುದಕ್ಕೆ ಮುಂಚಿನಿಂದಲೂ ಈ ಕಾಡಿನಲ್ಲೇ ಇದ್ದವರವು. ಒಂದರಲ್ಲಿ ಒಬ್ಬ ಅಜ್ಜಿ, ಪಕ್ಕದಲ್ಲಿ ಅವಳ ಮಗಳು, ಮೂರನೆಯದರಲ್ಲಿ ಅಜ್ಜಿಯ ತಮ್ಮ. ಮುಂದೆ ಒಂದು ಪಟ್ಟಿ ಗದ್ದೆ, ಅದರಲ್ಲಿ ಅಜ್ಜಿ ಗಂಧಕಸಾಲ ಭತ್ತ ಬೆಳೆಯುತ್ತಿದ್ದಳು. ಅದು ತೆನೆ ಬಿಟ್ಟಾಗ ತೋಡಿನ ಈಚೆಗೂ ಪರಿಮಳ ಬರುತ್ತಿತ್ತು. ಹಿಂದಿನ ವರ್ಷ ಆನೆ ಅವಳ ಮನೆಯ ಹಿಂದಿನ ಗೋಡೆ ಕೆಡವಿತ್ತು, ಈಗ ಅಲ್ಲಿ ಟಾರ್ಪಾಲು.

ಬೇಲಿ ತೋಡಿನ ಈಚೆ ಬಂದರೆ ನೇರ, ಸುಲಭ. ಆಚೆ ಹೋದರೆ ಸುತ್ತು, ಎರಡು ಕಡೆ ತೋಡು ದಾಟಬೇಕು, ಆದರೆ ಮೂರು ಮನೆಯೂ ಗದ್ದೆಯೂ ಒಳಗೆ ಬರುತ್ತವೆ. ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಹತ್ತು ಹದಿನೈದು ಜನ ಕತ್ತಿ ಹಿಡಿದುಕೊಂಡು ಆಚೆಯ ದಾರಿ ಪೂರಾ ನಡೆದೆವು. ಯಾರೂ ಎರಡು ಮಾತಾಡಲಿಲ್ಲ, ಬೇಲಿ ಆಚೆಗೇ ಅಂತಾಯಿತು. ಗುರುತಿಗೆ ಬಟ್ಟೆ ಬೇಕಾದಾಗ ನನ್ನ ಗೆಳತಿ ತನ್ನ ಹಳೆ ಕೆಂಪು ಸೀರೆಯನ್ನೇ ಹರಿದು ಕೊಟ್ಟಳು. ಕೊನೆಯ ಚಿಂದಿಯನ್ನು ಅಜ್ಜಿಯ ಮನೆ ಹಿಂದಿನ ಮತ್ತಿ ಮರಕ್ಕೆ ತಾನೇ ಕಟ್ಟಿ, "ಇನ್ನು ನಿಶ್ಚಿಂತೆಯಾಗಿ ಮಲಗು ಅಜ್ಜಿ" ಅಂದಳು. ನನ್ನ ಕಣ್ಣು ಒದ್ದೆಯಾಯಿತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅವತ್ತೇ ಮೂರು ಗಂಟೆಗೆ ಸಭೆ. ಬೇಲಿಯ ದಾರಿಯಲ್ಲಿರುವ ಮನೆಯವರೆಲ್ಲ ಸಹಿ ಹಾಕಬೇಕಿತ್ತು. ಅಜ್ಜಿ ಎಂದೂ ಸಭೆಗೆ ಬರುವವಳಲ್ಲ, ನಾನೇ ಹೋಗಿ ಕರೆತಂದೆ. ಜಗಲಿಯ ಮೂಲೆಯಲ್ಲಿ ಕಾಲು ಮಡಚಿ ಕೂತವಳು ಶಾಯಿ ಡಬ್ಬಿ ಕಂಡೊಡನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬೇಡ ಮಗಾ. ನಮ್ಮಪ್ಪ ಒಂದ್ಸಲ ಬೆರಳು ಒತ್ತಿದ. ಎಂತಕ್ಕೆ ಅಂತ ಯಾರೂ ಹೇಳ್ನಿಲ್ಲ. ಮಾರನೇ ವರ್ಸ ಆ ಗದ್ದೆಲಿ ಬೇರೆಯವ್ರು ಉಳ್ತಿದ್ರು."

"ಅಯ್ಯೋ ಅಜ್ಜಿ, ಆ ಕಾಲ ಬೇರೆ. ಇದು ನಿನ್ನ ಮನೆ ಉಳಿಸೋಕೆ. ನಾನಿದ್ದೀನಲ್ಲ, ನಾನು ನಿನಗೆ ಮೋಸ ಮಾಡ್ತೀನಾ?"

ಅವಳು ಪುಸ್ತಕ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮೆಲ್ಲಗೆ ಕೈ ಹೊರಗೆ ಬಂತು. ಆ ಹೆಬ್ಬೆರಳನ್ನು ನನ್ನ ಕೈಯಲ್ಲಿ ಹಿಡಿದು, ಶಾಯಿಗೆ ಅದ್ದಿ, ಹಾಳೆಗೆ ನಾನೇ ಒತ್ತಿದೆ. ತೆಗೆಯುವಾಗ ಸ್ವಲ್ಪ ಎಳೆದುಹೋಗಿ ಗುರುತಿಗೆ ಒಂದು ಬಾಲ ಬಂತು. "ನೋಡು, ನಿನ್ನ ಬೆರಳಿಗೂ ಇಲ್ಲಿಂದ ಓಡಿಹೋಗೋ ಆಸೆ" ಅಂತ ತಮಾಷೆ ಮಾಡಿದೆ. ಅವಳೂ ನಕ್ಕಳು.

ಮುಂದಿನ ತಿಂಗಳು ಎಂದಿನಂತೆ ಓದಿ ಹೇಳೋಣ ಅಂದರೆ ಪುಸ್ತಕವೇ ಇಲ್ಲ. "ಪಂಚಾಯತ್ತಿಗೆ ಕೊಟ್ಟಿದ್ದೀನಿ ಮಾರಾಯ್ತಿ, ಕಾಪಿ ತೆಗೀಬೇಕಂತೆ" ಎಂದಳು ಗೆಳತಿ. ಆಯ್ತು ಅಂದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಅದರ ಮುಂದಿನ ಸಭೆಯ ತುಂಬ ಮುರಿದ ಮೋರಿಯದೇ ಮಾತು, ಬೇಲಿಯ ತೀರ್ಮಾನ ಓದುವುದು ಹಾಗೇ ಬಿಟ್ಟುಹೋಯಿತು. ನಾನು ಕೇಳಲೂ ಇಲ್ಲ.

ಮಳೆ ಬಿಟ್ಟ ಮೇಲೆ ಕಂಬ ಬಂತು. ಹಸುವಿಗೆ ಹುಲ್ಲು ಕೊಯ್ಯಲು ಹೋದವಳು ನೋಡುತ್ತೇನೆ, ತೋಡಿನ ಈಚೆ ದಡದಲ್ಲಿ ಗುಂಡಿ ತೋಡುತ್ತಿದ್ದಾರೆ! ತಪ್ಪಿ ಇಲ್ಲಿಗೆ ಬಂದಿದ್ದಾರೆ ಅಂದುಕೊಂಡು, ಕೆಲಸ ನೋಡಿಕೊಳ್ಳುತ್ತಿದ್ದವನಿಗೆ ಮತ್ತಿ ಮರದ ಕೆಂಪು ಬಟ್ಟೆ ತೋರಿಸಿದೆ. ಅವನು ಬೇಸರ ಮಾಡಿಕೊಳ್ಳದೆ ಜೀಪಿನಿಂದ ಒಂದು ಕಾಗದ ತಂದುಕೊಟ್ಟ. ನಮ್ಮ ಪುಸ್ತಕದ ಎರಡು ಹಾಳೆಯ ಕಾಪಿ. ಎಡಗಡೆ ನನ್ನ ಗೆಳತಿಯ ಅಚ್ಚುಕಟ್ಟಾದ ಅಕ್ಷರ: ಬೇಲಿ ತೋಡಿನ ಈಚೆ ದಡದಲ್ಲೇ ಹೋಗಲಿ ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿದೆ. ಬಲಗಡೆ ನಮ್ಮೆಲ್ಲರ ಸಹಿ. ಕೊನೆಯಲ್ಲಿ ಬಾಲವಿರುವ ಒಂದು ಹೆಬ್ಬೆಟ್ಟು. ತನ್ನನ್ನು ಆನೆಗಳ ಪಾಲಿಗೆ ಬಿಟ್ಟುಬಿಡಿ ಅಂತ ಅಜ್ಜಿಯೇ ಒಪ್ಪಿಕೊಟ್ಟ ಹಾಗಾಗಿತ್ತು. ಕುಡುಗೋಲನ್ನು ಅಲ್ಲೇ ಮರೆತು ಬಂದೆ.

ನೇರ ಗೆಳತಿಯ ಮನೆಗೆ ಹೋದೆ. ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಳು. ನನ್ನ ಮುಖ ನೋಡಿದ್ದೇ ಎದ್ದು ಒಳಗೆ ಹೋಗಿ ಒಂದು ಲೋಟ ಕಾಫಿ ತಂದುಕೊಟ್ಟಳು. ನಾನೂ ಎಂಥ ಪೆದ್ದಿ, ಅಭ್ಯಾಸ ಬಲ, ಎರಡು ಗುಟುಕು ಕುಡಿದೇಬಿಟ್ಟೆ. ಆಮೇಲೆ ಲೋಟ ಕೆಳಗಿಟ್ಟು ಕೇಳಿದೆ.

"ಯಾಕೇ ಹೀಗೆ ಬರೆದೆ?"

"ಆಚೆ ಹೋದ್ರೆ, ಬೇಲಿ ತೋಡು ದಾಟೋ ಕಡೆ ನಮ್ಮ ತೋಟದ ಕೆಳಗಿನ ಸಾಲು ಪೂರಾ ಕಡೀಬೇಕಂತೆ. ಬೇಲಿಯ ಎರಡೂ ಕಡೆ ಬಯಲಾಗಿರ್ಬೇಕಂತೆ. ನಮ್ಮನೆಯವ್ರಿಗೆ ಅವತ್ತು ಸಂಜೆ ನಾನು ಬರೆಯೋಕೆ ಕೂತಾಗ ಗೊತ್ತಾಯ್ತು, ಕುಣಿದಾಡಿಬಿಟ್ರು. ಹನ್ನೊಂದು ಸಿಲ್ವರ್ ಓಕು ಕಣೇ, ಒಂದೊಂದರಲ್ಲೂ ಕಾಯಿ ಬಿಡೋ ಮೆಣಸಿನ ಬಳ್ಳಿ."

"ಮೆಣಸಿನ ಬಳ್ಳಿ! ಅಲ್ಲಿ ಮೂರು ಮನೆ ಇದೆಯಲ್ಲೇ."

"ಮುಂದಿನ ಸಲ ಅವರನ್ನೂ ಸೇರಿಸ್ತಾರೆ. ಕೇಳಿದ್ದೀನಿ ನಾನು."

"ಸಭೆಗೆ ಹೇಳ್ಬಹುದಿತ್ತಲ್ಲ. ನಾವೆಲ್ಲ ಸಹಿ ಹಾಕಿದ್ದು ಇದಕ್ಕಲ್ಲ. ಆಗ ಆ ಹಾಳೇಲಿ ಏನೂ ಬರೆದಿರ್ಲಿಲ್ಲ!"

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. "ಯಾವತ್ತು ಬರೆದಿತ್ತು, ಹೇಳು? ಹನ್ನೆರಡು ವರ್ಷದಿಂದ ಖಾಲಿ ಹಾಳೆಗೇ ತಾನೆ ಎಲ್ರೂ ಸಹಿ ಹಾಕ್ತಿರೋದು? ಆಗೆಲ್ಲ ನಿನಗೆ ಚಂದವಾಗಿತ್ತು."

ಅವಳು ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಕನ್ನಡ ಮಾತಾಡಿದ್ದಕ್ಕೆ ನನ್ನ ಪಾಲಿನ ಏಟನ್ನೂ ತಾನೇ ತಿಂದವಳು ಈಕೆ. ನಲವತ್ತು ವರ್ಷದ ಸ್ನೇಹವನ್ನು ಹನ್ನೊಂದು ಮರಕ್ಕೆ ಕೊಟ್ಟುಬಿಟ್ಟಳಲ್ಲ ಎಂದು ದಾರಿಯುದ್ದಕ್ಕೂ ಅಳುತ್ತ ಬಂದೆ. ಅವತ್ತಿನಿಂದ ಅವಳ ಅಂಗಳ ಮೆಟ್ಟಿಲ್ಲ.

ಆದರೂ ಸಭೆಯ ಮೇಲೆ ನನಗೆ ಭರವಸೆಯಿತ್ತು. ಅವಳು ಕೈ ಕೊಟ್ಟರೂ ಉಳಿದವರಿದ್ದಾರಲ್ಲ, ಆಚೆ ದಾರಿಯನ್ನು ಕಣ್ಣಾರೆ ಕಂಡವರು, ನಡೆದವರು. ಆ ಭಾನುವಾರ ನಿಂತು ಎಲ್ಲ ಹೇಳಿದೆ, ಕಾಗದ ಓದಿದೆ. ಬೇಲಿಯನ್ನು ಆಚೆಗೆ ಹಾಕಿ ಅಂತ ಇವತ್ತೇ ಬರೆದು ಕೊಡೋಣ ಅಂದೆ. ನನ್ನ ಗೆಳತಿ ಪುಸ್ತಕದ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು.

"ಆಗಬಾರದಿತ್ತು, ಸರಿ," ಎಂದರು ನಮ್ಮಲ್ಲಿ ಹಿರಿಯರಾದ ಒಬ್ಬ ಗೌಡರು, ಎಲ್ಲರೂ ಮಾವ ಎಂದು ಕರೆಯುವವರು. "ಆದ್ರೆ ಕಂಬ ಬಂದಾಯ್ತಲ್ಲ. ಈಗ ಗಲಾಟೆ ಎಬ್ಬಿಸಿದ್ರೆ ಇದೂ ವಾಪಸ್ ಹೋಗುತ್ತೆ. ಆಮೇಲೆ ನಮಗೂ ಇಲ್ಲ, ಅವರಿಗೂ ಇಲ್ಲ."

"ನಿಮ್ಮ ಗದ್ದೆ ಒಳಗೆ ಬಂತಲ್ಲ ಮಾವ, ಅದಕ್ಕೇ ಈ ಮಾತು!" ಅಂದುಬಿಟ್ಟೆ. ಹಿರಿಯರಿಗೆ ಹಾಗೆ ಅನ್ನಬಾರದಿತ್ತು ಅಂತ ಆಮೇಲೆ ಹಲವರು ನನಗೆ ಬುದ್ಧಿ ಹೇಳಿದರು. ಆಗ ಮಾತ್ರ ಒಬ್ಬರು ಗಡಿಯಾರ ನೋಡಿ ಹಾಲಿನ ಹೊತ್ತಾಯ್ತು ಅಂದರು. ಒಬ್ಬೊಬ್ಬರೇ ಕ್ಯಾನು ಎತ್ತಿಕೊಂಡು ಹೊರಟರು. ನನ್ನ ಜೊತೆ ಕತ್ತಿ ಹಿಡಿದು ಪೊದೆ ಸವರಿದವರೂ ಹೊರಟರು. ಅವತ್ತು ನನ್ನ ಹಸುವಿನ ಹಾಲು ಡೈರಿಗೆ ಹೋಗಲಿಲ್ಲ.

ಬೇಲಿಗೆ ಜೀವ ಬಂತು. ಸಂಜೆ ಆರಕ್ಕೆ ಕರೆಂಟು ಬಿಟ್ಟರೆ ಬೆಳಿಗ್ಗೆಯವರೆಗೂ. ತೋಡಿನ ಹತ್ತಿರ ಜನ ಓಡಾಡಲು ಒಂದು ಕಿಂಡಿ, ಅದಕ್ಕೆ ಅಡ್ಡ ಮೂರು ತಂತಿ, ತಂತಿಯ ತುದಿಗೆ ಪ್ಲಾಸ್ಟಿಕ್ ಹಿಡಿಯ ಕೊಕ್ಕೆ. ಈಚೆ ಬಂದ ಅಜ್ಜಿ ಆರರೊಳಗೆ ಕೊಕ್ಕೆ ಬಿಡಿಸಿ ಆಚೆ ದಾಟಬೇಕು. ನಮ್ಮ ಗದ್ದೆಗೆ ಆನೆ ಬರುವುದು ನಿಂತಿತು, ನಿಜ. ಬೇಲಿ ತಡೆದ ಆನೆಗಳು ತೋಡಿನ ಗುಂಟ ನಡೆದು ನೇರ ಅವಳ ಗದ್ದೆಗೆ ಇಳಿದವು. ಗಂಧಕಸಾಲ ಹಾಲುಗಾಳು ಕಟ್ಟಿತ್ತು, ಎರಡೇ ದಿನದಲ್ಲಿ ಪೂರಾ ಕೆಸರಾಯಿತು. ಮಗಳು ಮನೆ ಬಿಟ್ಟು ಕೆಲಸ ಮಾಡುವ ತೋಟದ ಪಾಡಿಗೆ, ಕೂಲಿಯವರ ಸಾಲುಮನೆಗೆ, ಹೋದಳು. ತಮ್ಮನೂ ಹೋದ. ಅಜ್ಜಿ ಹೋಗಲಿಲ್ಲ.

ಅವಳನ್ನು ನೋಡಲು ನನಗೆ ಮುಖವಿರಲಿಲ್ಲ. ಒಂದು ವಾರ ಸುಮ್ಮನಿದ್ದು, ಕೊನೆಗೆ ದೊಡ್ಡ ಆಫೀಸಿಗೆ ಕೊಡಲು ಒಂದು ಅರ್ಜಿ ಬರೆದೆ. ನಡೆದದ್ದನ್ನೆಲ್ಲ, ನನ್ನ ತಪ್ಪನ್ನೂ ಸೇರಿಸಿ, ಮಲಯಾಳದಲ್ಲೇ ಬರೆದೆ. ಶಾಯಿ ಡಬ್ಬಿ ಹಿಡಿದುಕೊಂಡು ಒಂದು ಸಂಜೆ ತೋಡು ದಾಟಿದೆ. ಅಜ್ಜಿ ಬಾಗಿಲಲ್ಲಿ ಕೂತು ತುಳಿದ ಭತ್ತದಿಂದ ಆಯ್ದ ತೆನೆಗಳನ್ನು ಉಜ್ಜುತ್ತಿದ್ದಳು. ಕೂರು ಅಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಜ್ಜಿ, ಈ ಸಲ ಎಲ್ಲ ಬರೆದೇ ತಂದಿದ್ದೀನಿ. ಓದ್ತೀನಿ ಕೇಳು."

ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ತೆನೆ ಉಜ್ಜುವುದನ್ನು ನಿಲ್ಲಿಸದೆ ಕೊನೆಯವರೆಗೂ ಕೇಳಿದಳು. ನಾನು ಡಬ್ಬಿಯ ಮುಚ್ಚಳ ತೆಗೆದೆ. ಅವಳು ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಹಿಡಿದಳು.

"ಅವತ್ತು ಏನೂ ಬರೆದಿರ್ಲಿಲ್ಲ ಅಂತ ಓದಿದ್ಯಲ್ಲ, ಅದು ನಂಗೂ ಕಂಡಿತ್ತು ಮಗಾ. ಓದಕ್ಕೆ ಬರಾಕಿಲ್ಲ ಅಂದ್ರೆ ಕಣ್ಣಿಲ್ಲ ಅಂತಾನಾ? ಬಿಳೀ ಹಾಳೆ ಬಿಳೀದಾಗೇ ಕಾಣ್ತದೆ. ನಾನು ಒತ್ತಿದ್ದು ಹಾಳೆ ನೋಡಿ ಅಲ್ಲ, ನಿನ್ ಮೊಕ ನೋಡಿ."

"ಈಗಲೂ ನಾನೇ ಅಲ್ವಾ ಅಜ್ಜಿ..."

"ಊಂ. ಅದಕ್ಕೇ ಬೇಡ ಅನ್ನೋದು."

ಡಬ್ಬಿಯ ಮುಚ್ಚಳ ಹಾಕಿದೆ. ಕಾಗದ ಮಡಚಿದೆ. ಅಷ್ಟರಲ್ಲಿ ಅವಳು ಬಿಸಿಲು ನೋಡಿ, "ಏಳು, ಕರೆಂಟು ಬಿಡೋ ಹೊತ್ತಾಯ್ತು, ಸಿಕ್ಕಾಕೋತೀಯ" ಎಂದು ನನ್ನನ್ನು ಎಬ್ಬಿಸಿ ಕಿಂಡಿಯವರೆಗೂ ಬಂದಳು. ತಾನೇ ಕೊಕ್ಕೆ ಬಿಡಿಸಿ ನನ್ನನ್ನು ಈಚೆಗೆ ದಾಟಿಸಿದಳು. ನಾನು ತಿರುಗಿ ನೋಡುವಾಗ ಮೂರು ತಂತಿಯನ್ನೂ ಒಂದೊಂದಾಗಿ ಆಚೆಯಿಂದ ಸಿಕ್ಕಿಸುತ್ತಿದ್ದಳು. ಅರ್ಜಿಯನ್ನು ಮಾರನೇ ದಿನ ಒಂದೇ ಸಹಿಯ ಮೇಲೆ ಕೊಟ್ಟುಬಂದೆ, ನನ್ನದು.