ಪ್ರೈಮರ್ ಹಿಡಿಯದ ಟ್ಯಾಂಕು

ನಮ್ಮ ಬಂಧುಬಳಗದವರೆಲ್ಲ ಒಪ್ಪಿಕೊಂಡಿರುವ ಕಥೆ ಇದು: ಮಾವ ಎರಡು ವರ್ಷ ಕೂತು ತಾತನಿಗಾಗಿ ಒಂದು ಪುಟ್ಟ ಯುದ್ಧದ ಟ್ಯಾಂಕು ಮಾಡಿದರು, ಎಂಟು ವರ್ಷದ ನಾನು ವಡೆ ತಿಂದ ಕೈಯಲ್ಲಿ ಅದನ್ನು ಮುಟ್ಟಿ ಹಾಳು ಮಾಡಿದೆ, ಪಾಪ, ತಾತ ಅದನ್ನು ಕೈಯಲ್ಲಿ ಹಿಡಿಯದೆಯೇ ಹೋಗಿಬಿಟ್ಟರು. ನಾಮಕರಣವಿರಲಿ, ತಿಥಿಯಿರಲಿ, ಅತ್ತೆ ಇದನ್ನು ಹೇಳಿಯೇ ತೀರುತ್ತಾರೆ. "ಇವಳೇ ಕಣ್ರೀ ಆ ಟ್ಯಾಂಕ್ ಹುಡುಗಿ" ಎಂದು ಕೆನ್ನೆ ಹಿಂಡುತ್ತಾರೆ. ನನಗೀಗ ಇಪ್ಪತ್ತಾರು. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತು ಕಲಿತದ್ದು ಒಂದೇ: ಎದುರಿನವರು ಎಷ್ಟು ಕರುಳು ಹಿಂಡುವಂತೆ ಮಾತಾಡಿದರೂ ಸಾಕ್ಷಿ ಎಲ್ಲಿ ಎಂದು ಕೇಳಬೇಕು. ಈ ಕಥೆಯಲ್ಲಿ ಸಾಕ್ಷಿ ಇಲ್ಲ. ವಡೆ ಇದೆ, ಅಷ್ಟೆ.

ಹೋದ ತಿಂಗಳು ಶಿವಾಜಿನಗರದಲ್ಲಿ, ಕಾರಿನ ಹಳೇ ಬಿಡಿಭಾಗ ಮಾರುವ ಅಂಗಡಿಗಳ ಸಾಲಿನಲ್ಲಿ, ಯಾರೋ ಒಂದು ಕಾರಿನ ಬಾಗಿಲನ್ನು ಗೋಡೆಗೊರಗಿಸಿ, ಬಣ್ಣಕ್ಕೆ ಮೊದಲು ಅಡಿಗೆ ಬಳಿಯುವ ಬೂದು ಪ್ರೈಮರ್ ಹೊಡೆಯುತ್ತಿದ್ದರು. ಮೊದಲು ಮೂಗಿಗೆ ಚುಚ್ಚಿ, ಆಮೇಲೆ ಗಂಟಲಲ್ಲಿ ಸಿಹಿಯಾಗುವ ಆ ವಾಸನೆಗೆ ನಾನು ನಡುರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದಿನ ಆಟೋದವನು ಬೈದ. ನನ್ನ ತಲೆಯಲ್ಲಿ ಆ ವಾಸನೆ ಒಂಟಿಯಾಗಿ ಬರುವುದಿಲ್ಲ. ಅದರ ಬೆನ್ನಿಗೆ ಅಜ್ಜಿಯ ಟಾಲ್ಕಮ್ ಪೌಡರಿನ ವಾಸನೆ, ಹಲಸೂರಿನಲ್ಲಿದ್ದ ತಾತನ ಇಕ್ಕಟ್ಟು ಮನೆಯ ಹಿತ್ತಲಿನ ಬಟ್ಟೆ ಒಗೆಯುವ ಒದ್ದೆ ಕಲ್ಲಿನ ವಾಸನೆ, ಪಕ್ಕದ ಮನೆಯ ರೇಡಿಯೋದ ತಮಿಳು ಹಾಡು, ಎಲ್ಲವೂ ಕೈ ಹಿಡಿದುಕೊಂಡು ಬರುತ್ತವೆ. ಆ ಮನೆ ಈಗಿಲ್ಲ. ಅಲ್ಲಿ ನಾಲ್ಕು ಮಹಡಿಯ ಹಾಸ್ಟೆಲ್ ಎದ್ದಿದೆ, ಹಿತ್ತಲಿದ್ದಲ್ಲಿ ಬೈಕುಗಳು ನಿಲ್ಲುತ್ತವೆ. ನಿಮಗೂ ಇಂಥದೊಂದು ವಿಳಾಸ ಇದ್ದೇ ಇರುತ್ತದೆ. ಬೀದಿ ಅದೇ, ನಂಬರೂ ಅದೇ, ಒಳಗೆ ಹೋಗಲು ಮಾತ್ರ ಬಾಗಿಲಿಲ್ಲ.

ಮಾವ, ಎಂದರೆ ಅಮ್ಮನ ತಮ್ಮ, ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಸಂಜೆ ಬಂದವರೇ ಕೆಟ್ಟುಹೋದ ಹೊಲಿಗೆ ಯಂತ್ರದ ಮೇಜಿನ ಮುಂದೆ ಕೂರುತ್ತಿದ್ದರು. ಇಟ್ಟಿಗೆಯಷ್ಟುದ್ದದ ಪ್ಲಾಸ್ಟಿಕ್ ಟ್ಯಾಂಕು ಅದು. ಚಕ್ರದ ಮೇಲಿನ ಮಡ್‌ಗಾರ್ಡುಗಳನ್ನು ಮಾತ್ರ ಮಾವ ತುಪ್ಪದ ಡಬ್ಬದ ತಗಡು ಕತ್ತರಿಸಿ ಮಾಡಿದ್ದರು. ಅದು ತಾತನ ಟ್ಯಾಂಕು. ಸೈನ್ಯದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದ ತಾತ ತಮ್ಮ ಅರ್ಧ ಆಯುಷ್ಯವನ್ನು ಅಂಥ ಟ್ಯಾಂಕುಗಳ ಕೆಳಗೆ ಅಂಗಾತ ಮಲಗಿ ಕಳೆದಿದ್ದರು. ನನಗೆ ಬುದ್ಧಿ ಬರುವ ಹೊತ್ತಿಗೆ ಅವರ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಬೆಳಕು ಗೊತ್ತಾಗುತ್ತಿತ್ತು, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂಬುದು ಗೊತ್ತಾಗುತ್ತಿತ್ತು. ಮಿಕ್ಕಿದ್ದಕ್ಕೆಲ್ಲ ಬೆರಳು. ಮೊಣಕಾಲಿಗೆ ಅಜ್ಜಿ ಕಾಯಿಸಿಕೊಡುವ ಎಣ್ಣೆಯನ್ನು ದಿನಕ್ಕೆರಡು ಸಲ ತಿಕ್ಕಿಕೊಳ್ಳುತ್ತಿದ್ದರಾದ್ದರಿಂದ ಅವರು ಮುಟ್ಟಿದ ಲೋಟ, ಬಾಗಿಲ ಚಿಲಕ, ನನ್ನ ಗಣಿತದ ಪುಸ್ತಕ, ಎಲ್ಲದರ ಮೇಲೂ ಎಣ್ಣೆಯ ಗುರುತು.

ಬೆರಳಿಗೆ ಗೊತ್ತಾಗಬೇಕೆಂದೇ ಮಾವನಿಗೆ ನಿಜವಾದ ಲೋಹದ ಮೈ ತರುವ ಹುಚ್ಚು. ಎರಕ ಹೊಯ್ದ ಉಕ್ಕು ನುಣ್ಣಗಿರುವುದಿಲ್ಲ, ಸಣ್ಣಗೆ ತರಿತರಿಯಾಗಿರುತ್ತದೆ; ಪ್ಲಾಸ್ಟಿಕ್ ಮಾತ್ರ ಸೋಪಿನಂತೆ ಜಾರುತ್ತದೆ. ಮಾವ ಬಿರುಕು ಮುಚ್ಚಲು ಮೆತ್ತುವ ಪುಟ್ಟಿಯನ್ನು ತೆಳು ಮಾಡಿ, ಅಜ್ಜಿಯ ಪೌಡರ್ ಬೆರೆಸಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ತಟ್ಟಿ ತಟ್ಟಿ ಆ ತರಿಯನ್ನೂ ತಳದ ಬೆಸುಗೆಯ ಗೆರೆಗಳನ್ನೂ ಎಬ್ಬಿಸುತ್ತಿದ್ದರು. ಮೊದಲು ಒಂದು ಚೂರು ಪ್ಲಾಸ್ಟಿಕ್ಕಿನ ಮೇಲೆ ಮಾದರಿ ಮಾಡಿ ತಾತನ ಕೈಗೆ ಕೊಡುವುದು. "ಲೋ, ಇದು ರಾಗಿ ರೊಟ್ಟಿ ಕಣೋ" ಎಂದರು ತಾತ. ಎರಡನೆಯದಕ್ಕೆ "ಬಾತ್‌ರೂಮ್ ಗೋಡೆ ಇದ್ದಂಗಿದೆ" ಎಂದರು. ಎಷ್ಟನೆಯದಕ್ಕೋ ಗೊತ್ತಿಲ್ಲ, ಹೆಬ್ಬೆರಳು ಅದರ ಮೇಲೆ ಸುಮಾರು ಹೊತ್ತು ಓಡಾಡಿತು. "ಹಾಂ. ಇದೇ. ತಣ್ಣಗಿಲ್ಲ, ಅಷ್ಟೆ." ಮಾವ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಇಷ್ಟಾದ ಮೇಲೆ ಟ್ಯಾಂಕನ್ನೇ ಅವರ ಮಡಿಲಲ್ಲಿ ಇಡಬಹುದಿತ್ತು ತಾನೇ? ಇಲ್ಲ. "ಬಣ್ಣ ಆಗೋವರೆಗೂ ಮುಟ್ಬೇಡಿ ಅಪ್ಪ. ಪೂರ್ತಿ ಆದ್ಮೇಲೆ ನಾನೇ ಕೊಡ್ತೀನಿ." ಕಣ್ಣು ಕಾಣದವರಿಗೆ ಬಣ್ಣ! ಈ ತರ್ಕವನ್ನು ಇವತ್ತಿನವರೆಗೂ ನಮ್ಮ ಮನೆಯಲ್ಲಿ ಒಬ್ಬರೂ ಪ್ರಶ್ನಿಸಿಲ್ಲ. ಪ್ರೈಮರ್ ತರಲು ಮಾವ ನನ್ನನ್ನೂ ಶಿವಾಜಿನಗರಕ್ಕೆ ಕರೆದೊಯ್ದಿದ್ದರು. "ಇದು ಗಾಡಿಗೆ ಹೊಡೆಯೋದು ಸಾರ್, ಆಟದ ಸಾಮಾನಿಗೆ ಯಾಕೆ?" ಎಂದು ಅಂಗಡಿಯ ರಫೀಕ್ ಭಾಯ್ ನಕ್ಕರು. "ಆಟದ ಸಾಮಾನಲ್ಲ ಭಾಯ್, ಟ್ಯಾಂಕು" ಎಂದರು ಮಾವ, ಅವಮಾನವಾದವರಂತೆ. ರಫೀಕ್ ಭಾಯ್ ಗಂಭೀರವಾದರು. "ಹಂಗಾದ್ರೆ ಕೇಳಿ. ಒಂದು ಹನಿ ಎಣ್ಣೆ ಇದ್ರೂ ಇದು ಹಿಡಿಯಲ್ಲ. ಸೋಪಲ್ಲಿ ತೊಳೀರಿ, ಒಣಗಿಸಿ, ಆಮೇಲೆ ಕೈ ಹಚ್ಚಬೇಡಿ."

ಮಾವ ಹಾಗೇ ಮಾಡಿದರು. ಆಯುಧ ಪೂಜೆಯ ಬೆಳಗ್ಗೆ ಟ್ಯಾಂಕನ್ನು ಸೋಪಿನ ನೀರಲ್ಲಿ ತೊಳೆದು, ಹಿತ್ತಲಲ್ಲಿ ತಟ್ಟೆಯಲ್ಲಿಟ್ಟು, ಪೇಪರು ಮುಚ್ಚಿ ಕಾರ್ಖಾನೆಯ ಪೂಜೆಗೆ ಹೋದರು. ಅಡುಗೆಮನೆಯಲ್ಲಿ ಅಜ್ಜಿ, ಅತ್ತೆ ವಡೆ ಕರಿಯುತ್ತಿದ್ದರು. ನಾನು ಆರು ತಿಂದೆ, ಒಪ್ಪಿಕೊಳ್ಳುತ್ತೇನೆ. ಮಧ್ಯಾಹ್ನ ಮಾವ ಬಂದು ಹಿತ್ತಲಿನ ಬಿಸಿಲಲ್ಲಿ ಪ್ರೈಮರ್ ಹೊಡೆದರು; ಟ್ಯಾಂಕು ಬೂದಿ ಬಳಿದುಕೊಂಡ ಸನ್ಯಾಸಿಯಂತೆ ಕೂತಿತ್ತು. ಮರುದಿನ ಬಣ್ಣಕ್ಕೆಂದು ಮೇಲೂ ಕೆಳಗೂ ಹಚ್ಚಿದ ಟೇಪನ್ನು ಎಳೆದಾಗ ಪ್ರೈಮರೂ, ಅದರಡಿಯ ಪುಟ್ಟಿಯ ತರಿಯೂ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಕಿತ್ತು ಬಂದವು. "ವಡೆ ಹಿಡ್ಕೊಂಡು ಅಲ್ಲೇ ಸುತ್ತುತ್ತಿದ್ಳು ನೋಡಿ" ಎಂದರು ಅತ್ತೆ. ನಾನು ಮುಟ್ಟಿಲ್ಲ ಎಂದು ಕಿರುಚಿದೆ. ಮಾವ ಟ್ಯಾಂಕನ್ನು ಬೋರಲು ಹಾಕಿ ಬಹಳ ಹೊತ್ತು ನೋಡಿದರು. ಆಮೇಲೆ "ಹೋಗ್ಲಿ ಬಿಡಿ, ಮಗು" ಎಂದರು. ಕ್ಷಮಿಸಿಬಿಟ್ಟರೆ ಮುಗಿಯಿತು, ತಪ್ಪಿತಸ್ಥಳೆಂದು ತೀರ್ಪಾದಂತೆಯೇ. ಟ್ಯಾಂಕು ಡಬ್ಬ ಸೇರಿತು. ಮೂರು ವಾರದ ಮೇಲೆ, ದೀಪಾವಳಿಯ ಮರುದಿನ, ತಾತ ನಿದ್ದೆಯಲ್ಲೇ ಹೋದರು.

ಮಾವ ಈಗ ಮಹದೇವಪುರದಲ್ಲಿದ್ದಾರೆ, ನೆಲಮಹಡಿಯ ಫ್ಲ್ಯಾಟು. ಈ ಸಲದ ಮಳೆಗೆ ಅವರ ಮನೆಯೊಳಗೂ ನೀರು ನುಗ್ಗಿತು. ಕಳೆದ ಭಾನುವಾರ ನಾನು ಹೋದಾಗ ಕಪಾಟಿನ ಸಾಮಾನನ್ನೆಲ್ಲ ತಾರಸಿಯ ಮೇಲೆ ಒಣಗಲು ಹಾಕಿದ್ದರು. ಅಲ್ಲಿ ಆ ಡಬ್ಬ ಸಿಕ್ಕಿತು. ತೆರೆದು ಟ್ಯಾಂಕನ್ನು ಬಿಸಿಲಿಗೆ ಹಿಡಿದೆ. ಎಂಟು ವರ್ಷದ ಮಗುವಿಗೆ ಟ್ಯಾಂಕು ಸಿಕ್ಕರೆ ಅದು ಮೊದಲು ಹಿಡಿಯುವುದು ತೋಪಿನ ನಳಿಕೆಯನ್ನು, ಆಮೇಲೆ ಮೇಲಿನ ಮುಚ್ಚಳವನ್ನು. ಎರಡರ ಮೇಲೂ ಪ್ರೈಮರ್ ಹೊಸದರಂತೆ ಕೂತಿತ್ತು. ಕಿತ್ತು ಹೋಗಿದ್ದು ಹೊಟ್ಟೆಯ ಕೆಳಗೆ, ಬೆಸುಗೆಯ ಗೆರೆಗಳ ಗುಂಟ, ಒಂದು ಬೆರಳಗಲ. ಚಕ್ರಗಳ ಹಿಂದೆ. ತಗಡಿನ ಮಡ್‌ಗಾರ್ಡಿನ ಒಳಮೈಯಲ್ಲಿ. ಟ್ಯಾಂಕಿನ ತಳದ ಬೆಸುಗೆ ಸರಿಯಿದೆಯೇ ಎಂದು ತಡವಿ ನೋಡುವವರು ಆ ಮನೆಯಲ್ಲಿ ಒಬ್ಬರೇ ಇದ್ದರು. ಅವರಿಗೆ ವಡೆಯ ಎಣ್ಣೆ ಬೇಕಿರಲಿಲ್ಲ, ಮೊಣಕಾಲಿನದೇ ಸಾಕಿತ್ತು.

ಪಕ್ಕದಲ್ಲಿ ಪುಸ್ತಕ ಒಣಗಿಸುತ್ತಿದ್ದ ಮಾವನ ಮುಂದೆ ಅದನ್ನು ಬೋರಲು ಹಿಡಿದೆ. ಅವರು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

"ಗೊತ್ತು."

"ಯಾವಾಗಿಂದ?"

"ಅವತ್ತಿಂದಾನೇ. ತಮ್ಮ ಕೈಯಿಂದಾನೇ ಕೆಟ್ಟಿದ್ದು ಅಂತ ಅಪ್ಪಂಗೆ ಗೊತ್ತಾದ್ರೆ ನೊಂದ್ಕೋತಾರೆ ಅಂತ ಸುಮ್ನಾದೆ. ನೀನು ಚಿಕ್ಕೋಳು, ಮರ್ತುಬಿಡ್ತೀಯ ಅಂದ್ಕೊಂಡೆ."

"ಮರೆಯೋಕೆ ಅತ್ತೆ ಬಿಡ್ಬೇಕಲ್ಲ!"

ಮಾವ ನಕ್ಕರು, ನನಗೆ ನಗು ಬರಲಿಲ್ಲ. ಹದಿನೆಂಟು ವರ್ಷಗಳಿಂದ ಕಾಯ್ದಿಟ್ಟ ವಾದ ಗೆದ್ದಿದ್ದೆ, ಆದರೆ ಕೈಯಲ್ಲಿದ್ದ ಟ್ಯಾಂಕನ್ನು ನೋಡಿದಷ್ಟೂ ಆ ಮಧ್ಯಾಹ್ನವೇ ಕಣ್ಣಿಗೆ ಕಟ್ಟುತ್ತಿತ್ತು: ಹಬ್ಬದ ಗದ್ದಲದಲ್ಲಿ ಗೋಡೆ ಹಿಡಿದು ಹಿತ್ತಲಿಗೆ ಬಂದು, ಪೇಪರು ಸರಿಸಿ, ಮಗ ಮಾಡಿದ್ದನ್ನು ಒಂದೊಂದೇ ಬೆಸುಗೆಯಾಗಿ ಓದಿ, ಮತ್ತೆ ಪೇಪರು ಮುಚ್ಚಿ, ಬೇಡವೆಂದದ್ದನ್ನು ಮಾಡಿದ ತಪ್ಪಿಗೆ ಬಾಯಿ ಬಿಡದೆ ಕುಳಿತ ಮುದುಕ. ಆಚೆ ಕೋಣೆಯಲ್ಲಿ ಅವರು, ಈಚೆ ಮೇಜಿನ ಮುಂದೆ ಇವರು, ಒಬ್ಬರನ್ನೊಬ್ಬರು ನೋಯಿಸಬಾರದೆಂದು ಇಬ್ಬರೂ ಮೌನ.

"ನನ್ನ ವಿಷಯ ಬಿಡಿ ಮಾವ. ಆಮೇಲೂ ಮೂರು ವಾರ ಇದ್ರಲ್ಲ ತಾತ, ಪಕ್ಕದ ರೂಮಲ್ಲೇ. ಟ್ಯಾಂಕು ಹೇಗಿತ್ತಪ್ಪಾ ಅಂತ ಒಂದೇ ಒಂದ್ಸಲ ಯಾಕೆ ಕೇಳ್ಲಿಲ್ಲ ನೀವು?"