ಶಟರ್ ಎಳೆದುಕೊಂಡು ಮಾಡಿದ ಕೆಲಸ

ಅವರ ಎರಡೂ ಮುಂಗೈಗಳ ಮೇಲೆ, ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ, ಬಿಳಿ ಚುಕ್ಕೆಗಳಿದ್ದವು. ಕತ್ತಿನ ಕೆಳಗೆ, ಶರ್ಟಿನ ಮೊದಲ ಗುಂಡಿ ಇರುವಲ್ಲಿ, ಚರ್ಮ ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಕೇಳಿದವರಿಗೆ ಮನೆಯವರು ‘ಅಲರ್ಜಿ’ ಎನ್ನುತ್ತಿದ್ದರು. ಮಂಗಳೂರಿನ ಬೆವರಿನಲ್ಲೂ ಅವರಿಗೆ ತುಂಬುತೋಳಿನ ಶರ್ಟೇ ಹಾಕಿಸುತ್ತಿದ್ದರು.

ಅಲರ್ಜಿ ಅಲ್ಲ. ಜೀವಮಾನದ ಬಹುಭಾಗ ಗಲ್ಫಿನಲ್ಲಿ ಹಡಗು ರಿಪೇರಿಯ ವೆಲ್ಡರ್ ಆಗಿದ್ದವರ ಮೈ ಅದು. ಊರಿನಲ್ಲಿ ಮಾತ್ರ ಅವರು ‘ಸೂಪರ್‌ವೈಸರ್’. ಮಗಳ ಸಂಬಂಧ ಕೂಡಿಬಂದದ್ದು ಆ ಹೆಸರಿನಲ್ಲಿ, ಮಗನದ್ದೂ ಅದೇ ಹೆಸರಿನಲ್ಲಿ. ನಮ್ಮ ಕರಾವಳಿಯಿಂದ ಗಲ್ಫಿಗೆ ಹೋದವರು ಊರಿಗೆ ಇಳಿಯುವುದೇ ಸೂಪರ್‌ವೈಸರ್ ಆಗಿ. ಅಲ್ಲಿ ಹೋಟೆಲಿನ ಲೋಟ ತೊಳೆಯುತ್ತಿದ್ದ ನನ್ನ ಚಿಕ್ಕಪ್ಪನೂ ಹಾಗೇ ಇಳಿದವರು. ಸುಳ್ಳು ಹೇಳಿದ್ದನ್ನು ನಾನು ದೊಡ್ಡ ತಪ್ಪು ಎನ್ನುವುದಿಲ್ಲ. ಆ ಸುಳ್ಳಿನ ಒಳಗೆ ಮನುಷ್ಯನನ್ನು ಹಾಕಿ ಚಿಲಕ ಜಡಿಯುವುದು ತಪ್ಪು.

ನಾನು ಹಳೆಯ ಪಿಕಪ್ ಇಟ್ಟುಕೊಂಡು ಅಂಗಡಿಗಳಿಗೆ ಸಾಮಾನು ಹಾಕುವವನು. ಕುಲಶೇಖರದಲ್ಲಿ ನನ್ನದೊಂದು ಗೋಡೌನ್ ಉಂಟು, ಅದರ ಹಿಂದಿನ ರಸ್ತೆಯಲ್ಲಿ ಅವರ ಮನೆ. ಗಾಡಿಯ ಬಾಡಿ, ಮನೆಯ ಗ್ರಿಲ್, ಶಟರಿನ ಕೊಂಡಿ, ಒಂದಲ್ಲ ಒಂದರ ಬೆಸುಗೆ ಬಿಟ್ಟುಕೊಳ್ಳುತ್ತಲೇ ಇತ್ತು. ಕರೆದ ಹೊತ್ತಿಗೆ ವೆಲ್ಡರ್ ಸಿಗುತ್ತಿರಲಿಲ್ಲ. ಮುಂಗೈಯ ಚುಕ್ಕೆ ನೋಡಿಯೇ ಅವರ ಕಸುಬು ನನಗೆ ಗೊತ್ತಾಗಿತ್ತು, ಸ್ವಂತಕ್ಕೊಂದು ಸಣ್ಣ ವೆಲ್ಡಿಂಗ್ ಮಿಷನ್ ತೆಗೆಯಲು ಹೊರಟಾಗ ಅವರನ್ನು ಜೊತೆಗೆ ಕರೆದೆ. ಅಣ್ಣ ಎಂದೇ ಅವರನ್ನು ಕರೆಯುತ್ತಿದ್ದದ್ದು.

ಬಂದರಿನ ಅಂಗಡಿಯಲ್ಲಿ ನಾನು ಅಭ್ಯಾಸದಂತೆ ಮೊದಲು ರೇಟು ಕೇಳಿದೆ. ಅಣ್ಣ ನನ್ನ ಮೊಣಕೈ ತಿವಿದರು. “ಸಾಹುಕಾರ್ರೇ, ಹುಡುಗಿ ನೋಡುವ ಮೊದ್ಲೇ ಊಟದ ಲೆಕ್ಕ ಎಂತಕ್ಕೆ?”

ಅಂಗಡಿಯವ ಒಂದು ಮಿಷನಿನ ಮೇಲೆ ಬರೆದ ದೊಡ್ಡ ಆಂಪಿಯರ್ ತೋರಿಸಿ, ಇದರಲ್ಲಿ ಎಂತದ್ದೂ ಆಗ್ತದೆ ಎಂದ. “ಬರೀಲಿಕ್ಕೆ ಕರೆಂಟು ಬೇಡ,” ಎಂದರು ಅಣ್ಣ. “ಹಚ್ಚಿ ಕೊಡಿ.” ಕುಕ್ಕರಗಾಲಿನಲ್ಲಿ ಕೂತು ರಾಡಿನ ಮೇಲೆ ರಾಡು, ನಡುವೆ ಬಿಡುವು ಕೊಡದೆ ಉರಿಸಿದರು. ಆ ದೊಡ್ಡ ನಂಬರಿನ ಮಿಷನ್ ಅರ್ಧದಲ್ಲೇ ಸುಸ್ತಾಗಿ ನಿಂತಿತು. ಸಣ್ಣ ನಂಬರಿನ ಇನ್ನೊಂದು ನಿಲ್ಲಲಿಲ್ಲ. ಮಗುವಿನ ಜ್ವರ ನೋಡುವ ಹಾಗೆ ಅದರ ಬೆನ್ನಿಗೆ ಅಂಗೈ ಇಟ್ಟು, “ಇದು ಸಾಕು,” ಎಂದರು.

ಓದುವವರಲ್ಲಿ ಯಾರಾದರೂ ಮಿಷನ್ ತೆಗೆಯುವುದಿದ್ದರೆ ಅವರು ಕಲಿಸಿದ್ದನ್ನೇ ಹೇಳುತ್ತೇನೆ. ನಿಮ್ಮ ಮನೆಯ ದಪ್ಪ ಪಿನ್ನಿನ ಪ್ಲಗ್ಗು ತಡೆಯುವಷ್ಟೇ ಮಿಷನ್ ತೆಗೆಯಿರಿ. ಗೇಟು, ಗ್ರಿಲ್ಲು, ಗಾಡಿಯ ಅಡಿಯ ದಪ್ಪ ಕಬ್ಬಿಣಕ್ಕೆ ರಾಡು ಉರಿಸುವ ಮಿಷನ್ ಸರಿ. ಕಾರಿನ ಬಾಗಿಲಿನ ತೆಳು ತಗಡಿಗೆ ಅದನ್ನು ಹಿಡಿದರೆ ತೂತು ಬೀಳುತ್ತದೆ, ಅದಕ್ಕೆ ರಾಡಿನ ಬದಲು ಸಪೂರ ವಯರು ಉರಿಸುವ ಮಿಷನ್ ಬೇರೆ ಬೇಕು. ಗಾಡಿಗೆ ಹಚ್ಚುವ ಮೊದಲು ಬ್ಯಾಟರಿ ಕಳಚಿ. ಚೌಕಾಸಿಯನ್ನು ಬೆಲೆಯ ಮೇಲೆ ಮಾಡಬೇಡಿ. ಉದ್ದದ ತಾಮ್ರದ ಕೇಬಲು ಮತ್ತು ಒಳ್ಳೆಯ ಹೆಲ್ಮೆಟ್ಟಿಗಾಗಿ ಮಾಡಿ. ಬೆಲೆ ಇಳಿಸಿದ ಅಂಗಡಿಯವ ಆ ದುಡ್ಡನ್ನು ಕೇಬಲಿನಲ್ಲಿ ಹಿಡಿದುಕೊಳ್ಳುತ್ತಾನೆ.

ಬರುವಾಗ ಪಿಕಪ್ಪಿನಲ್ಲಿ ಅಣ್ಣ ಮಿಷನನ್ನು ಮಡಿಲಿನಿಂದ ಇಳಿಸಲಿಲ್ಲ.

“ನಿಮಗೂ ಒಂದು ತೆಗೀಬಹುದಿತ್ತಲ್ಲ ಅಣ್ಣ?”

“ಮನೆಯಲ್ಲಿ ಬಿಡುದಿಲ್ಲ ಮಾರಾಯ. ಮಗ ಕೇಳ್ತಾನೆ, ಪಪ್ಪ ನೀವು ಅಂಗಳದಲ್ಲಿ ಕಿಡಿ ಹಾರಿಸ್ಲಿಕ್ಕೆ ಕೂತ್ರೆ ನಾನು ಮಾವನವರಿಗೆ ಎಂತ ಹೇಳುದು ಅಂತ.” ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದರು: “ನಮ್ಮ ಗೇಟಿನ ಹಿಂಜ್ ನೋಡಿದ್ದೀಯಾ? ಯಾರೋ ಮೇಣ ಅಂಟಿಸಿದ ಹಾಗೆ ಅಂಟಿಸಿ ಹೋಗಿದ್ದಾನೆ. ದಿನಾ ಅದನ್ನು ದಾಟಿ ಹೋಗ್ಬೇಕು. ಒಂದು ಸಲ, ಹಗಲಲ್ಲಿ, ನನ್ನ ಗೇಟಿನ ಎದುರು ಕೂತು ಅದನ್ನು ನಾನೇ ಮಾಡ್ಬೇಕು. ಮತ್ತೆಂತ ಆಸೆ ಇಲ್ಲ.”

ಮರುದಿನದಿಂದ ಅವರ ಬೆಳಗಿನ ವಾಕಿಂಗ್ ನನ್ನ ಗೋಡೌನಿಗೆ. ಒಳಗೆ ಬಂದು ಶಟರನ್ನು ಮುಕ್ಕಾಲು ಎಳೆಯುತ್ತಿದ್ದರು. ಮೊಳೆಗೆ ತೂಗಿಸಿಟ್ಟ ಹಳೆಯ ಶರ್ಟು ಹಾಕಿಕೊಳ್ಳುತ್ತಿದ್ದರು. ಕಿಡಿ ಬಿದ್ದು ಅದರ ತುಂಬ ತೂತು. ನನಗೆ ಕೈ ಹಿಡಿದು ಕಲಿಸಿದ್ದು ಅಲ್ಲಿಯೇ. “ಕಿಡಿಯನ್ನು ನೋಡ್ಬೇಡ, ಅದರ ಹಿಂದೆ ಕರಗಿದ್ದನ್ನು ನೋಡು. ಕಿಡಿ ತಮಾಷೆಗೆ ಇರುದು.” ಕೆಲಸ ಮುಗಿದರೆ ಸೋಪು ಹಾಕಿ ಕೈ ತೊಳೆದು, ಹೋಗುವ ದಾರಿಯಲ್ಲಿ ಮೀನು ತೆಗೆದುಕೊಳ್ಳುತ್ತಿದ್ದರು. ಹೊಗೆಯ ವಾಸನೆ ಮುಚ್ಚಬೇಕಲ್ಲ.

“ವಾಕಿಂಗ್ ಹೋದವರಿಗೆ ದಿನಾ ಬೂತಾಯಿ ಎಲ್ಲಿ ಸಿಗ್ತದೆ ಅಂತ ಹೆಂಡತಿ ಕೇಳ್ತಾಳೆ,” ಎಂದು ನಗುತ್ತಿದ್ದರು. “ಕಡಲಿಗೆ ಹೋಗುವವರ ಮನೆಯಲ್ಲಿ ಹುಟ್ಟಿದ್ದು ನಾನು. ಮೀನು ವಾಸನೆ ಬಂದ್ರೆ ಯಾರೂ ಎಂತ ಅಂತ ಕೇಳುದಿಲ್ಲ.”

ಗೇಟಿನ ಮಾತನ್ನು ಅವರು ಮಗನ ಹತ್ತಿರ ಮತ್ತೆ ಎತ್ತಿದ್ದರಂತೆ. ಅವನು, “ಮುಂದೆ ನೋಡುವ ಪಪ್ಪ,” ಎಂದನಂತೆ. ಮುಂದೆ ಎಂಬುದು ಬರಲಿಲ್ಲ. ಒಂದು ಮಳೆಗಾಲದಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಉತ್ತರಕ್ರಿಯೆಯ ದಿನ ನೆಂಟರೊಬ್ಬರು ಮೈಕಿನಲ್ಲಿ, ವಿದೇಶದಲ್ಲಿ ಉನ್ನತ ಹುದ್ದೆಯಲ್ಲಿದ್ದವರು ಎಂದು ಹೊಗಳಿದರು. 

ಮಳೆ ಬಿಡುವ ಹೊತ್ತಿಗೆ ಆ ಹಿಂಜ್ ಕಿತ್ತು ಗೇಟು ವಾಲಿತು. ಮಗ ನನಗೆ ಫೋನ್ ಮಾಡಿದ. “ಅಂಕಲ್, ಒಳ್ಳೆ ವೆಲ್ಡರ್ ಯಾರಾದ್ರೂ ಇದ್ರೆ ಹೇಳಿ. ಈಗಿನವರು ಬರೀ ಮೋಸ.”

“ಒಬ್ಬರಿದ್ರು,” ಎಂದೆ. ಅವನಿಗೆ ಅರ್ಥವಾಗಲಿಲ್ಲ, ಅಥವಾ ಆಯಿತು.

ಗೇಟು ಸರಿಮಾಡಲು ನಾನೇ, ಹಗಲಿನಲ್ಲೇ ಹೋದೆ. ಅವರ ಆ ತೂತು ಶರ್ಟು ಹಾಕಿಕೊಂಡು, ಅವರು ಆರಿಸಿದ ಮಿಷನ್ ಇಟ್ಟುಕೊಂಡು, ಗೇಟಿನ ಎದುರು ರಸ್ತೆಯಲ್ಲೇ ಕೂತೆ.

“ಅಂಕಲ್, ಒಳಗೆ ಅಂಗಳದಲ್ಲಿ ಮಾಡ್ಬಹುದಾ?” ಎಂದ ಮಗ.

“ಇಲ್ಲಿ ಬೆಳಕುಂಟು,” ಎಂದೆ.

ಹಳೆಯ ಬೆಸುಗೆಯನ್ನು ಉಜ್ಜಿ ತೆಗೆದು, ಹೊಸದಾಗಿ ಎಳೆದೆ. ದಾರಿಯಲ್ಲಿ ಹೋಗುತ್ತಿದ್ದ ನೆರೆಮನೆಯವರು ನಿಂತು, “ಇದನ್ನೆಲ್ಲ ಎಲ್ಲಿ ಕಲಿತದ್ದು ನೀವು?” ಎಂದು ಕೇಳಿದರು.

ನಾನು ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ದೊಡ್ಡ ಸ್ವರದಲ್ಲೇ ಹೇಳಿದೆ: “ಈ ಮನೆಯ ಯಜಮಾನರು ಕಲಿಸಿದ್ದು. ಗಲ್ಫಿನಲ್ಲಿ ವೆಲ್ಡರ್ ಆಗಿದ್ರಲ್ಲ ಅವರು.”

ಮಗ ನಕ್ಕ. “ಹೌದು, ಪಪ್ಪನಿಗೆ ಅದೊಂದು ಹಾಬಿ ಇತ್ತು,” ಎಂದ, ನೆರೆಯವರಿಗೆ.

ಗೇಟು ಈಗ ಒಂದು ಬೆರಳಿಗೆ ತಿರುಗುತ್ತದೆ, ಸದ್ದಿಲ್ಲ. ನಾನಿನ್ನೂ ರಸ್ತೆಯಲ್ಲಿ ಕೇಬಲ್ ಸುತ್ತುತ್ತಿದ್ದಾಗಲೇ ಅವನು ಅದನ್ನು ಮುಚ್ಚಿ ಒಳಗೆ ಹೋದ.