ನಿಮ್ಮನೆ ಬಟ್ಟೆ ಕಣ್ರೀ

ಬಾಳ್ಳುಪೇಟೆಯಿಂದ ಸಕಲೇಶಪುರದವರೆಗೆ ಯಾರ ಮನೆಯ ಮದುವೆ ಆಲ್ಬಮ್ಮನ್ನಾದರೂ ತೆಗೆದು ನೋಡಿ, ಅದರಲ್ಲಿ ತೋಟಪ್ಪ ಇದ್ದೇ ಇರುತ್ತಾನೆ. ಹುಡುಕುವ ಕಷ್ಟವೂ ಇಲ್ಲ. ಬಿಳಿ ಪಂಚೆ, ಬಿಳಿ ಶರ್ಟಿನ ಗೌರವಸ್ಥರ ಸಾಲಿನಲ್ಲಿ ಒಬ್ಬನೇ ಒಬ್ಬ ಗಿಳಿಹಸಿರೋ ನೇರಳೆಯೋ ಪ್ಯಾಂಟಿನ ಮೇಲೆ ಅದಕ್ಕೆ ಹೊಂದದ ಬಣ್ಣದ ಶರ್ಟು ತೊಟ್ಟು, ಹಣೆ ತುಂಬ ವಿಭೂತಿ ಇಟ್ಟುಕೊಂಡು, ಮದುಮಗನಿಗಿಂತ ಹೆಚ್ಚು ಖುಷಿಯಲ್ಲಿ ನಗುತ್ತಿದ್ದರೆ ಅವನೇ ತೋಟಪ್ಪ.

ಅಣ್ಣತಮ್ಮಂದಿರು ಮೂವರು ಒಟ್ಟಿಗಿದ್ದ ಮನೆ ಅದು. ದೊಡ್ಡವನು ಕಾಫಿ ತೋಟ ನೋಡಿಕೊಂಡ. ನಡುವಿನವನು ಗದ್ದೆ ಮತ್ತು ಕೋರ್ಟು ಕಚೇರಿ ನೋಡಿಕೊಂಡ. ಕಿರಿಯವನಾದ ತೋಟಪ್ಪನ ಪಾಲಿಗೆ ಬಂದದ್ದು ಮದುವೆ ಖಾತೆ. ಮನೆಗೆ ಬಂದ ಲಗ್ನಪತ್ರಿಕೆಗಳೆಲ್ಲ ಅವನ ಕೈಗೇ ಹೋಗುತ್ತಿದ್ದವು. ಬಿಸಿಲೆಯ ಕಾಡಂಚಿನ ಮನೆಯಾಗಲಿ, ಹಾಸನದ ಛತ್ರವಾಗಲಿ, ಅವನು ಹೋಗಿ ಅಕ್ಕಿಕಾಳು ಹಾಕಿ, ಹೋಳಿಗೆಗೆ ತುಪ್ಪ ಸಾಲದೆಂದು ಬಡಿಸುವವರನ್ನು ಗದರಿ ಬಂದರೆ ಮೂವರೂ ಹೋಗಿ ಬಂದ ಲೆಕ್ಕ. ಅಣ್ಣಂದಿರಿಗೆ ನಿಶ್ಚಿಂತೆ, ತೋಟಪ್ಪನಿಗೆ ಹಬ್ಬ.

ಆ ಸೀಮೆಯಲ್ಲಿ ಗಂಡಸರು ಮದುವೆಗೆ ಏನು ಹಾಕಬೇಕೆಂದು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಮುಹೂರ್ತಕ್ಕೆ ಪಂಚೆ, ಶಲ್ಯ. ಹಿಂದಿನ ಸಂಜೆಯ ರಿಸೆಪ್ಷನ್ನಿಗಾದರೆ ಎಸ್ಟೇಟ್ ಮಾಲೀಕರು ಕೋಟು, ತೋಟದ ಲೆಕ್ಕ ಬರೆಯುವ ರೈಟರುಗಳು ಸಫಾರಿ, ಸಣ್ಣ ಬೆಳೆಗಾರರು ಇಸ್ತ್ರಿ ಮಾಡಿದ ಬಿಳಿ ಶರ್ಟು. ಹುಡುಗರದು ಬಿಡಿ, ಅವರಿಗೆ ಕಾಲೇಜಿಗೂ ಮದುವೆಗೂ ಅದೇ ಜೀನ್ಸು. ತೋಟಪ್ಪ ಮಾತ್ರ ಈ ಕಾನೂನಿಗೆ ಸೊಪ್ಪು ಹಾಕಿದವನಲ್ಲ. ಅವನದು ಬೇರೆಯೇ ಒಂದು ಕಾನೂನು: ಯಾರ ಮನೆಯ ಮದುವೆಗೆ ಹೋಗುತ್ತೇವೋ ಆ ಮನೆಯವರು ಹಿಂದೆ ಕೊಟ್ಟ ಬಟ್ಟೆಯನ್ನೇ ತೊಟ್ಟು ಹೋಗಬೇಕು.

ಮದುವೆ, ಗೃಹಪ್ರವೇಶಗಳಲ್ಲಿ ಹತ್ತಿರದ ಗಂಡಸರಿಗೆ ವೀಳ್ಯದ ಜೊತೆ ಒಂದು ರಟ್ಟಿನ ಪೆಟ್ಟಿಗೆ ಕೊಡುವುದುಂಟಲ್ಲ, ಒಳಗೆ ಒಂದು ಪ್ಯಾಂಟ್ ಪೀಸು, ಒಂದು ಶರ್ಟ್ ಪೀಸು? ಆ ಪೆಟ್ಟಿಗೆಯನ್ನು ಬಿಚ್ಚಿ ಹೊಲಿಸಿದ ಗಂಡಸನ್ನು ನೀವು ನೋಡಿದ್ದರೆ ಹೇಳಿ. ಹೆಂಗಸರಲ್ಲಿ ಬ್ಲೌಸ್ ಪೀಸು ಊರೂರು ಸುತ್ತುವ ಹಾಗೆ ಇದೂ ಬೀರುವಿನಿಂದ ಬೀರುವಿಗೆ, ಮದುವೆಯಿಂದ ಮದುವೆಗೆ ಸುತ್ತುತ್ತಲೇ ಇರುತ್ತದೆ. ಮೂಲೆ ಜಜ್ಜಿದ ಪೆಟ್ಟಿಗೆಯ ಮೇಲೆ ಹಳೆಯ ಮದುವೆಯ ಕುಂಕುಮ ಮೆತ್ತಿಕೊಂಡಿದ್ದರೂ ಕೊಡುವವನಿಗೆ ನಾಚಿಕೆಯಿಲ್ಲ, ತೆಗೆದುಕೊಳ್ಳುವವನಿಗೆ ಬೇಸರವಿಲ್ಲ. ತೋಟಪ್ಪನ ಕೈಗೆ ಬಂದರೆ ಮಾತ್ರ ಆ ಬಟ್ಟೆಗೆ ಮೋಕ್ಷ. ಮಾರನೆಯ ದಿನವೇ ಅದು ಬಾಳ್ಳುಪೇಟೆಯಲ್ಲಿ ದರ್ಜಿ ದ್ಯಾವಯ್ಯನ ಕತ್ತರಿಯ ಬಾಯಿಗೆ ಬೀಳುತ್ತಿತ್ತು. ಪ್ಯಾಂಟು ಗಿಳಿಹಸಿರಾದರೂ, ಶರ್ಟು ಕುಂಬಳಕಾಯಿ ಬಣ್ಣದ್ದಾದರೂ, ಒಂದೇ ಪೆಟ್ಟಿಗೆಯಲ್ಲಿ ಜೋಡಿಯಾಗಿ ಬಂದವುಗಳನ್ನು ಅಗಲಿಸುವುದು ಅವನಿಗೆ ಪಾಪವಾಗಿ ಕಾಣುತ್ತಿತ್ತು.

"ನಿಮ್ಮನೆ ಬಟ್ಟೆ ಕಣ್ರೀ!" ಛತ್ರದ ಬಾಗಿಲಲ್ಲೇ ಎದೆ ತಟ್ಟಿ ಹೇಳುತ್ತಿದ್ದ. ಒಮ್ಮೆ ಬಿಸಿಲೆಯಲ್ಲಿ ಮದುಮಗಳ ತಂದೆ ಶಿವಯ್ಯ ಆ ಶರ್ಟನ್ನು ಮೇಲಿಂದ ಕೆಳಗೆ ನೋಡಿ, "ನಮ್ಮನೇದಾ? ಇಂಥಾ ಬಣ್ಣ ನಾವ್ಯಾವಾಗ ಕೊಟ್ವೋ ಮಾರಾಯ?" ಎಂದುಬಿಟ್ಟ. ತನಗೆ ಬಂದ ಪೆಟ್ಟಿಗೆಯನ್ನು ತೆರೆದೂ ನೋಡದೆ ದಾಟಿಸಿದವನಿಗೆ ಬಣ್ಣ ಹೇಗೆ ಗೊತ್ತಿರಬೇಕು! ತೋಟಪ್ಪ ಅದಕ್ಕೂ ನಕ್ಕ.

ಆದರೆ ತಾನು ಕೊಡುವ ಬಟ್ಟೆಯ ವಿಷಯದಲ್ಲಿ ಅವನು ನಗುತ್ತಿರಲಿಲ್ಲ. ಸಕಲೇಶಪುರದ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಕೂತು, ತೆಗೆದುಕೊಳ್ಳುವವನ ಮೈಬಣ್ಣ, ಎತ್ತರ, ಹೊಟ್ಟೆಯ ಸುತ್ತಳತೆ ಎಲ್ಲವನ್ನೂ ಕಣ್ಣಮುಂದೆ ತಂದುಕೊಂಡು ಥಾನುಗಳನ್ನು ಕೆಡವಿಸುತ್ತಿದ್ದ. ಕೊಟ್ಟಮೇಲೆ ಪ್ರತಿ ಮದುವೆಯಲ್ಲೂ ಕಣ್ಣು ಹುಡುಕುತ್ತಿತ್ತು, ಯಾರಾದರೂ ತನ್ನ ಬಟ್ಟೆ ತೊಟ್ಟು ಬಂದಿದ್ದಾರೆಯೇ ಎಂದು. ಇಷ್ಟು ವರ್ಷಗಳಲ್ಲಿ ಒಬ್ಬರ ಮೈಮೇಲೂ ಕಾಣಲಿಲ್ಲ. ಕಂಡದ್ದು ಒಂದೇ ಸಲ, ಆಲೂರಿನ ನೆಂಟರ ಮನೆಯಲ್ಲಿ. ಅವನು ಆರಿಸಿ ಕೊಟ್ಟ ಆಕಾಶನೀಲಿ ಶರ್ಟ್ ಪೀಸು ಅಂಚು ಹೊಲಿಸಿಕೊಂಡು ಟಿ.ವಿ. ಮೇಲೆ ಹೊದಿಕೆಯಾಗಿ ಕೂತಿತ್ತು. ಬಂದವರಿಗೆಲ್ಲ ಅದನ್ನು ತಮಾಷೆ ಮಾಡಿ ಹೇಳಿದ. ಹೆಂಡತಿ ನಂಜಮ್ಮನಿಗೆ ಮಾತ್ರ ಗೊತ್ತಿತ್ತು, ಅವತ್ತು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದಿದ್ದ. ಅವನಿಗೆ ನಿಜಕ್ಕೂ ನೋವಾಗಿತ್ತು.

ಹೀಗಿರುವಾಗ ಎರಡು ಸಾವಿರದ ಮೂರನೇ ಇಸವಿಯಲ್ಲಿ ಅವನ ಮನೆಯಲ್ಲೇ ಮದುವೆ ಬಂತು. ಒಬ್ಬಳೇ ಮಗಳು ಮಾನಸಾ, ಹಾಸನದ ಶಾಲೆಯೊಂದರಲ್ಲಿ ಟೀಚರು. ಹುಡುಗ ಮಹೇಶ್, ದೋಣಿಗಲ್ ಕಡೆಯ ಎಸ್ಟೇಟಿನವನು. ಅವನ ತಂದೆ ಶಾಂತಮಲ್ಲಪ್ಪನವರು ತೋಟದಲ್ಲಿ ಖಾಕಿ ಚಡ್ಡಿ, ಕ್ಲಬ್ಬಿನಲ್ಲಿ ಕೋಟು, ಉಳಿದಂತೆ ಹಾಲಿನಂಥ ಬಿಳಿ ಬಟ್ಟೆ ಬಿಟ್ಟು ಬೇರೆ ಮುಟ್ಟದ ದೊಡ್ಡ ಕುಳ.

ನಿಶ್ಚಿತಾರ್ಥ ತೋಟಪ್ಪನ ಮನೆಯಲ್ಲಿ ನಡೆಯಿತು. ತನ್ನ ಮನೆಯ ಕಾರ್ಯಕ್ಕೆ ತಾನು ಯಾರ ಬಟ್ಟೆ ತೊಡಬೇಕೆಂಬ ಧರ್ಮಸಂಕಟ ಅವನಿಗೆ ಮೊದಲ ಸಲ ಬಂದದ್ದು ಆಗಲೇ. ಬಂದ ನೆಂಟರಲ್ಲಿ ಯಾರಿಗೂ ಬೇಸರವಾಗಬಾರದೆಂದು, ಜೋಡಿ ಅಗಲಿಸಿದ ಪಾಪ ಹೊತ್ತುಕೊಂಡೇ, ಒಬ್ಬರ ಪ್ಯಾಂಟು, ಇನ್ನೊಬ್ಬರ ಶರ್ಟು ಹಾಕಿಕೊಂಡ. ನೇರಳೆ ಪ್ಯಾಂಟಿಗೆ ಸಾಸಿವೆ ಬಣ್ಣದ ಶರ್ಟು ಜೋಡಿಯಾದದ್ದು ಹಾಗೆ. ಬೀಗರಿಗೆ ಕೊಡಲು ಅವನು ಆರಿಸಿದ್ದು ಬೂದು ಬಣ್ಣದ ಪ್ಯಾಂಟ್ ಪೀಸು, ಮತ್ತು ಸಣ್ಣ ಗೀಟುಗಳಿದ್ದ, ಹಣ್ಣಾದ ಕಾಫಿಯ ಕೆಂಪಿನ ಶರ್ಟ್ ಪೀಸು.

"ಅಪ್ಪಾಜಿ, ಅವ್ರು ಬಿಳಿ ಬಿಟ್ರೆ ಏನೂ ಹಾಕಲ್ವಂತೆ," ಎಂದಳು ಮಾನಸಾ.

"ಕೆಂಪಗಿರೋ ಮನುಷ್ಯ ಕಣಮ್ಮ, ಒಪ್ತದೆ. ಕಾಫಿ ಬೆಳೆಯೋರು ಕಾಫಿ ಹಣ್ಣಿನ ಬಣ್ಣಕ್ಕೆ ಮುಖ ತಿರುಗಿಸ್ತಾರಾ?"

ಶಾಂತಮಲ್ಲಪ್ಪನವರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಡ್ರೈವರನ ಕೈಗೆ ಕೊಟ್ಟರು. ಅವನು ಅದನ್ನು ಜೀಪಿನ ಹಿಂದಿನ ಸೀಟಿಗೆ ಹಾಕಿದ. ಅಲ್ಲಿ ಆಗಲೇ ಇಂಥವೇ ನಾಲ್ಕೈದು ಪೆಟ್ಟಿಗೆಗಳಿದ್ದವು. ತೋಟಪ್ಪ ಅದನ್ನು ನೋಡಿದ, ನೋಡಿ ಬೀಗರಿಗೆ ಕೈ ಮುಗಿದ.

ಅದಾದ ವಾರಕ್ಕೆ ಮಾನಸಾ ಹಾಸನದಿಂದ ಬಂದವಳು ತನ್ನ ಸಂಬಳದಲ್ಲಿ ಕೊಂಡ ಬಟ್ಟೆಯನ್ನು ಅಪ್ಪನ ಮುಂದೆ ಬಿಚ್ಚಿದಳು. ಕಡುನೀಲಿ ಸೂಟಿನ ಬಟ್ಟೆ. "ರಿಸೆಪ್ಷನ್ನಿಗೆ ಇದು ಹಾಕ್ಕೊಳ್ಳಿ ಅಪ್ಪಾಜಿ. ಹಾಸನದಲ್ಲೇ ಹೊಲಿಸ್ತೀನಿ. ನಂಗೋಸ್ಕರ," ಎಂದಳು.

"ಸೂಟಾ? ನಾನಾ?" ಎಂದು ತೋಟಪ್ಪ ನಕ್ಕ. ಮಗಳು ನಗಲಿಲ್ಲ.

ಅವಳು ಒಳಗೆ ಹೋದಮೇಲೆ ನಂಜಮ್ಮ ನೇರವಾಗಿ ಹೇಳಿದಳು: "ನಿಶ್ಚಿತಾರ್ಥದಲ್ಲಿ ಹುಡುಗನ ಕಡೆ ಹೆಂಗಸು ಯಾರೋ ಅಂದ್ರಂತೆ, ಹೆಣ್ಣಿನ ತಂದೆ ಬ್ಯಾಂಡ್ ಸೆಟ್ನೋರ ಥರ ಅವ್ರೆ ಅಂತ. ಮಗಿ ಕಿವಿಗೆ ಬಿದ್ಬುಟ್ಟೈತೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಹಿರೇರು ಸುಮ್ನೆ ಅಂದ್ರಾ? ಒಂದಿನ ಹಾಕ್ಕೊಳ್ಳಿ."

ತೋಟಪ್ಪ ಜಗಲಿಗೆ ಹೋಗಿ ಕೂತ. ಅವನನ್ನು ನೋಡಿ ಜನ ನಗುವುದು ಅವನಿಗೆ ಹೊಸದೇನಲ್ಲ, ಅವರ ಜೊತೆ ತಾನೂ ನಕ್ಕು ಮುಗಿಸುತ್ತಿದ್ದ. ಆದರೆ ಮಗಳು ಅಪ್ಪನ ದೆಸೆಯಿಂದ ಗಂಡನ ಮನೆಯಲ್ಲಿ ತಲೆ ತಗ್ಗಿಸುವುದೆಂದರೆ ಅದು ನಗುವ ಮಾತಲ್ಲ. ಕೊನೆಗೆ ಅವನ ಕಾನೂನೇ ಅವನಿಗೆ ದಾರಿ ತೋರಿಸಿತು. ಯಾರ ಮನೆ ಮದುವೆಯೋ ಆ ಮನೆಯ ಬಟ್ಟೆ ತಾನೇ? ಮದುವೆ ನಮ್ಮ ಮನೆಯದು, ಬಟ್ಟೆ ಕೊಟ್ಟವಳು ನಮ್ಮ ಮನೆ ಮಗಳು. ಎದ್ದು ಒಳಗೆ ಹೋಗಿ, "ಅಳತೆಗೆ ಯಾವತ್ತು ಬರ್ಲಿ?" ಎಂದು ಕೇಳಿದ.

ಮದುವೆಗೆ ಕೆಲವೇ ದಿನ ಇರುವಾಗ ಅವನು ಎಂದಿನಂತೆ ದ್ಯಾವಯ್ಯನ ಅಂಗಡಿಗೆ ಹೋದ. ಇವನನ್ನು ಕಂಡದ್ದೇ ದ್ಯಾವಯ್ಯ ಮೆಷಿನ್ನಿನ ಮೇಲಿದ್ದ ಬಟ್ಟೆಯನ್ನು ಸರಕ್ಕನೆ ಎಳೆದು ತೊಡೆಯ ಕೆಳಗೆ ಹಾಕಿಕೊಂಡು ಕೂತುಬಿಟ್ಟ.

"ಏನೋ ದ್ಯಾವಯ್ಯ, ಕೋಪನಾ? ಸೂಟು ಹಾಸನ್ದಲ್ಲಿ ಹೊಲ್ಸಿದ್ದು ಮಗಳು ಕಣೋ, ನಾನಲ್ಲ."

"ಕೋಪ ಯಾಕೆ ತೋಟಪ್ನೋರೇ? ಕೆಲ್ಸ ಜಾಸ್ತಿ ಐತೆ, ಇವತ್ತು ಹೊರಡಿ," ಎಂದ ದ್ಯಾವಯ್ಯ, ತೊಡೆ ಅಲ್ಲಾಡಿಸದೆ. ಇಷ್ಟು ವರ್ಷದ ಸ್ನೇಹ ಒಂದು ಸೂಟಿನಿಂದ ಕೆಟ್ಟಿತಲ್ಲ ಎಂದು ತೋಟಪ್ಪ ಪೆಚ್ಚಾಗಿ ಬಂದ.

ರಿಸೆಪ್ಷನ್ನು ಸಕಲೇಶಪುರದ ಛತ್ರದಲ್ಲಿ. ಸೂಟು ತೊಟ್ಟ ತೋಟಪ್ಪನನ್ನು ನೋಡಿ ನಂಜಮ್ಮ ದೃಷ್ಟಿ ತೆಗೆದಳು. ಮಾನಸಾ ಅಲಂಕಾರದ ಕೋಣೆಯಿಂದ ಇಣುಕಿ ಕಣ್ಣಲ್ಲೇ ನಕ್ಕಳು. ಅಷ್ಟು ಸಿಕ್ಕರೆ ಸಾಕೆಂದುಕೊಂಡು ಅವನು ಬಾಗಿಲಿಗೆ ಹೋಗಿ ನಿಂತ. ಟೈ ಕುತ್ತಿಗೆ ಹಿಡಿದಿತ್ತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಕಷ್ಟ ಅದಲ್ಲ. ಅವನ ಗುರುತೇ ಯಾರಿಗೂ ಸಿಗಲಿಲ್ಲ. ಬಿಸಿಲೆಯ ಶಿವಯ್ಯ ಎದುರಿಗೇ ಹಾದು ಹೋಗಿ ಒಳಗೆ, "ತೋಟಪ್ಪ ಎಲ್ಲವ್ನೆ?" ಎಂದು ವಿಚಾರಿಸಿದ. ಅಜ್ಜಿಯೊಬ್ಬಳು ತೋಳು ಹಿಡಿದು, "ಮ್ಯಾನೇಜರ್ರೇ, ಊಟಕ್ಕೆ ಯಾವಾಗ ಬಿಡ್ತೀರಾ? ಸಕ್ಕರೆ ಕಾಯ್ಲೆ ಐತೆ ನಂಗೆ," ಎಂದಳು. ಅವಳನ್ನು ತೋಟಪ್ಪನೇ ಊಟದ ಮನೆಗೆ ಕರೆದೊಯ್ದು ಕೂರಿಸಿ ಬಂದ. ಸಾವಿರ ಮದುವೆಯಲ್ಲಿ ತಾನು ತಾನಾಗಿದ್ದವನು ಸ್ವಂತ ಮಗಳ ಮದುವೆಯಲ್ಲಿ ಮಾತ್ರ ಯಾರೋ ಆಗಿಬಿಟ್ಟಿದ್ದ.

ಬೀಗರ ಜೀಪುಗಳು ಬಂದು ವಾಲಗ ಜೋರಾಯಿತು. ತೋಟಪ್ಪ ಆರತಿ ತಟ್ಟೆ ತರಲೆಂದು ಒಳಕ್ಕೆ ತಿರುಗುವಷ್ಟರಲ್ಲಿ ಹಿಂದಿನಿಂದ ಯಾರೋ ಭುಜ ತಟ್ಟಿದರು.

"ಸಾರ್, ನಮ್ಮ ಬೀಗ್ರು ತೋಟಪ್ನೋರು ಎಲ್ಲವ್ರೆ? ಸ್ವಲ್ಪ ಕರೀರಿ."

ತೋಟಪ್ಪ ತಿರುಗಿದ. ಎದುರಿಗೆ ಶಾಂತಮಲ್ಲಪ್ಪನವರು ನಿಂತಿದ್ದರು. ಬಿಳಿಯೂ ಇಲ್ಲ, ಕೋಟೂ ಇಲ್ಲ. ಬೂದು ಪ್ಯಾಂಟು. ಸಣ್ಣ ಗೀಟಿನ, ಹಣ್ಣಾದ ಕಾಫಿಯ ಕೆಂಪು ಶರ್ಟು. ಅವರ ಹಿಂದೆ ಕ್ಲಬ್ಬಿನ ಸ್ನೇಹಿತರೆಲ್ಲ ಕೋಟಿನಲ್ಲಿದ್ದು, ಆ ಗುಂಪಿನಲ್ಲಿ ಅವರೊಬ್ಬರೇ ದೀಪ ಹಚ್ಚಿದ ಹಾಗೆ ಕಾಣುತ್ತಿದ್ದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ಬಾಯಿ ಬಿಟ್ಟವರು ಶಾಂತಮಲ್ಲಪ್ಪನವರೇ. "ಅಯ್ಯೋ ಬೀಗ್ರೇ, ನೀವಾ? ಇದೇನ್ರೀ ನೀವು ನಮ್ಮ ವೇಷ ಹಾಕ್ಬುಟ್ಟಿದೀರಾ! ನಾನು ನೋಡಿದ್ರೆ..." ಎಂದು ತಮ್ಮ ಶರ್ಟಿನ ಎದೆ ಹಿಡಿದು ತೋರಿಸಿದರು. "ನಿಮ್ಮನೆ ಬಟ್ಟೆ ಕಣ್ರೀ! ಸರಿಯಾಗಿ ಹೇಳಿದ್ನಾ?"

ತೋಟಪ್ಪ ಬಗ್ಗಿ ಆ ಶರ್ಟಿನ ಗೀಟುಗಳನ್ನೇ ನೋಡತೊಡಗಿದ.

"ನಮ್ಮ ಮಹೇಶ ಎಲ್ಲಾ ಹೇಳ್ದ. ನನ್ನ ಬೀರುನಲ್ಲೂ ಇಂಥವು ರಾಶಿ ಬಿದ್ದವೆ, ಯಾರು ಕೊಟ್ಟಿದ್ದು ಅಂತ್ಲೂ ಗೊತ್ತಿಲ್ಲ. ಆದ್ರೆ ನೀವು ಮಧ್ಯಾಹ್ನ ಪೂರ್ತಿ ಕೂತು ನನಗೇ ಅಂತ ಆರ್ಸಿದ್ರಂತೆ. ಹಂಗೆ ನನಗೆ ಯಾರೂ ಆರ್ಸಿರ್ಲಿಲ್ಲ ಮಾರಾಯ್ರೇ. ನಿಮ್ಮ ದ್ಯಾವಯ್ಯನ ಹತ್ರಾನೇ ಹೊಲಿಸ್ದೆ. ಬಾಯಿ ಬಿಡ್ಬೇಡ ಅಂತ ಅವನಿಗೆ ಆಣೆ ಹಾಕ್ಸಿದ್ದೆ."

ತೋಟಪ್ಪ ಕೈ ಚಾಚಿ ಆ ಶರ್ಟಿನ ಭುಜವನ್ನು ಮುಟ್ಟಿದ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿದ. ತಾನೇ ಆರಿಸಿದ ಬಟ್ಟೆ, ಕೊನೆಗೂ ಒಂದು ಮೈಯ ಮೇಲೆ. "ಒಪ್ತದೆ," ಎಂದ. "ನಾನ್ ಹೇಳಿರ್ಲಿಲ್ವಾ, ಒಪ್ತದೆ ಅಂತ." ಅಷ್ಟು ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದು ಕೋಟಿನ ತೋಳಿನಲ್ಲೇ ಒರೆಸಿಕೊಂಡ.

ಅಲಂಕಾರ ಮುಗಿಸಿ ಬಂದ ಮಾನಸಾ ಇದನ್ನೆಲ್ಲ ನೋಡಿದಳು. ಅಪ್ಪನ ಈ ಹುಚ್ಚನ್ನು ಮಹೇಶನಿಗೆ ಹೇಳಿದ್ದವಳು ಅವಳೇ, ಅದೂ ನಾಚಿಕೆಯಿಂದ, ನಮ್ಮಪ್ಪ ಸ್ವಲ್ಪ ಹಾಗೆ ಎಂದು. ಹತ್ತಿರ ಬಂದು ಮೆಲ್ಲನೆ, "ಅಪ್ಪಾಜಿ, ಕೋಟು ತೆಗೆದುಬಿಡಿ. ಮನೆಗೆ ಯಾರನ್ನಾದ್ರೂ ಕಳಿಸಿ ನಿಮ್ಮ ನೇರಳೆ ಪ್ಯಾಂಟು ತರಿಸ್ಲಾ?" ಎಂದಳು.

"ಹುಚ್ಚಿ, ಬ್ಯಾಡ ಕಣಮ್ಮ. ಇದನ್ನ ಕೊಟ್ಟಿದ್ದು ನೀನು," ಎಂದ ತೋಟಪ್ಪ. ಟೈಯನ್ನು ಮಾತ್ರ ಸ್ವಲ್ಪ ಸಡಿಲಿಸಿಕೊಂಡ.

ಗಂಡು ಹೆಣ್ಣನ್ನು ವೇದಿಕೆಯ ಮೇಲೆ ನಿಲ್ಲಿಸಿದ್ದಾಯಿತು. ಫೋಟೋದವನು ಬಾಳ್ಳುಪೇಟೆಯ ಹುಡುಗ, ಬೀಗರನ್ನು ಕಂಡವನಲ್ಲ. ಎರಡೂ ಕಡೆಯ ತಂದೆತಾಯಿಯರನ್ನು ಕರೆಸಿ, ಕ್ಯಾಮೆರಾದಲ್ಲಿ ನೋಡಿ, ಕೈ ಬೀಸಿದ. "ರೀ, ಆ ಕೆಂಪು ಶರ್ಟಿನೋರು ಸ್ವಲ್ಪ ಕೆಳಗಿಳೀರಿ. ಮನೆಯವ್ರು ಮಾತ್ರ ಇರ್ಲಿ."

ಶಾಂತಮಲ್ಲಪ್ಪನವರು ತಬ್ಬಿಬ್ಬಾಗಿ ಒಂದು ಹೆಜ್ಜೆ ಹಿಂದೆ ಇಟ್ಟೇಬಿಟ್ಟರು. ಕೆಳಗೆ ಯಾರೋ ಕಿಸಕ್ಕೆಂದರು. ತೋಟಪ್ಪ ಅವರ ತೋಳು ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡ. ಇಡೀ ಸಂಜೆ ಕೋಟಿನೊಳಗೆ ಸಿಕ್ಕಿಕೊಂಡಿದ್ದ ಅವನ ದನಿ ಆಗ ವಾಲಗವನ್ನೂ ಮೀರಿ ಛತ್ರದ ಊಟದ ಮನೆಯವರೆಗೆ ಕೇಳಿತು.

"ಕೆಳಗಿಳಿಸ್ತೀಯೇನೋ? ಯಾರು ಅಂದ್ಕೊಂಡಿದೀಯ? ನಮ್ಮ ಬೀಗ್ರು ಕಣೋ! ನೋಡೋ ಸರಿಯಾಗಿ, ಅವರ ಮೈಮೇಲಿರೋದು ನಮ್ಮನೆ ಬಟ್ಟೆ!"

ಅಷ್ಟು ಕೇಳಿದ್ದೇ ಬಿಸಿಲೆಯ ಶಿವಯ್ಯ ಕುರ್ಚಿಯಿಂದ ಎದ್ದು, "ಓ, ಇವ್ನೇ ಕಣ್ರಪ್ಪ ತೋಟಪ್ಪ! ಸಿಕ್ಬುಟ್ಟ!" ಎಂದು ಕೂಗಿದ. ವೇದಿಕೆಯ ಮೇಲೆ ಮಾನಸಾ ತಲೆಯೆತ್ತಿ, ಬಾಯ್ತುಂಬ ನಗುತ್ತಿದ್ದಳು. ಕ್ಯಾಮೆರಾದ ಹುಡುಗ ಫೋಟೋ ತೆಗೆದ.